ಇಂಗ್ಲಿಷ್ ಸಾಹಿತ್ಯಕ್ಕೆ ಮೊದಲ ಕೋರ್ಸು: ನಾಲ್ಕು ಬಗೆಗಳ ಹೋಲಿಕೆ

ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಮೊದಲ ಸಲ ಓದಲು ಹೊರಡುವವರ ಮುಂದೆ ಸಾಮಾನ್ಯವಾಗಿ ನಾಲ್ಕು ಬಗೆಯ ಪರಿಚಯ ಕೋರ್ಸುಗಳಿರುತ್ತವೆ. ಹಳೆಯ ಇಂಗ್ಲಿಷಿನಿಂದ ಹಿಡಿದು ಇಪ್ಪತ್ತನೆಯ ಶತಮಾನದವರೆಗೆ ಕಾಲಾನುಕ್ರಮದಲ್ಲಿ ಸಾಗುವ ಸಾಹಿತ್ಯ ಚರಿತ್ರೆಯ ಕೋರ್ಸು ಒಂದು. ಕಾವ್ಯ, ನಾಟಕ, ಕಥನ ಎಂದು ವಿಂಗಡಿಸಿಕೊಂಡು ಕಲಿಸುವ ಪ್ರಕಾರಾಧಾರಿತ ಕೋರ್ಸು ಇನ್ನೊಂದು. ಕೆಲವೇ ಪುಟಗಳನ್ನು ಕೈಗೆತ್ತಿಕೊಂಡು ಸಾಲುಸಾಲಾಗಿ ಓದಿಸುವ ನಿಕಟ ಓದಿನ ಕೋರ್ಸು ಮೂರನೆಯದು. ಸ್ತ್ರೀವಾದ, ಮಾರ್ಕ್ಸ್‌ವಾದ, ವಸಾಹತೋತ್ತರ ಚಿಂತನೆ ಮುಂತಾದವುಗಳ ಮೂಲಕ ಕೃತಿಗಳನ್ನು ಪರಿಶೀಲಿಸುವ ಸಿದ್ಧಾಂತದ ಕೋರ್ಸು ನಾಲ್ಕನೆಯದು. ಹೆಸರುಗಳು ವಿಭಾಗದಿಂದ ವಿಭಾಗಕ್ಕೆ ಬದಲಾಗುತ್ತವೆ, ಎರಡು ಬಗೆಗಳು ಒಂದೇ ಕೋರ್ಸಿನಲ್ಲಿ ಬೆರೆತಿರುವುದೂ ಉಂಟು. ಆದರೂ ಸಿಲಬಸ್ಸನ್ನು ಗಮನವಿಟ್ಟು ನೋಡಿದರೆ ಅದರ ಒಲವು ಯಾವ ಕಡೆಗಿದೆ ಎಂಬುದು ತಿಳಿಯುತ್ತದೆ.

ಆಯ್ಕೆಯ ಹೊತ್ತಿನಲ್ಲಿ ಹೆಚ್ಚಿನವರು ನೋಡುವುದು ಪುಸ್ತಕಗಳ ಪಟ್ಟಿಯನ್ನು. ಅದು ಸಹಜ, ಆದರೆ ಅಷ್ಟು ಸಾಲದು. ಏಕೆಂದರೆ ಒಂದೇ ಕೃತಿ ನಾಲ್ಕೂ ಪಟ್ಟಿಗಳಲ್ಲಿ ಇರಬಹುದು, ಮತ್ತು ಒಂದೊಂದು ತರಗತಿಯಲ್ಲಿ ಅದನ್ನು ಓದುವ ರೀತಿ ಒಂದೊಂದು ಆಗಿರುತ್ತದೆ. ಈಗ ಓದದೆ ಉಳಿದ ಕೃತಿಯನ್ನು ಮುಂದೆ ಯಾವಾಗ ಬೇಕಾದರೂ ಓದಿಕೊಳ್ಳಬಹುದು. ಮೊದಲ ವರ್ಷದಲ್ಲಿ ಮೈಗೂಡುವ ಓದಿನ ಅಭ್ಯಾಸವನ್ನು ಆಮೇಲೆ ಬದಲಾಯಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ಆದ್ದರಿಂದ ಒಂದು ಕೋರ್ಸು ವಾರಕ್ಕೆ ಎಷ್ಟು ಪುಟ ಓದಿಸುತ್ತದೆ, ಏನನ್ನು ಬರೆಸುತ್ತದೆ, ವಿದ್ಯಾರ್ಥಿಯ ಒಂದು ಹೇಳಿಕೆಗೆ ಯಾವುದನ್ನು ಆಧಾರವೆಂದು ಒಪ್ಪುತ್ತದೆ ಎಂಬ ಮೂರು ಪ್ರಶ್ನೆಗಳನ್ನೇ ಮುಂದಿಟ್ಟುಕೊಂಡು ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹೋಲಿಕೆ ಸ್ಪಷ್ಟವಾಗಲೆಂದು ಒಂದೇ ಕವಿತೆಯನ್ನು ನಾಲ್ಕು ತರಗತಿಗಳಿಗೂ ಕೊಂಡೊಯ್ಯೋಣ. ಪರ್ಸಿ ಬಿಶ್ ಶೆಲ್ಲಿಯ ‘ಓಜಿಮ್ಯಾಂಡಿಯಸ್’ ಹದಿನಾಲ್ಕು ಸಾಲುಗಳ ಕವಿತೆ. 1818ರ ಜನವರಿಯಲ್ಲಿ ಲಂಡನ್ನಿನ ‘ಎಕ್ಸಾಮಿನರ್’ ವಾರಪತ್ರಿಕೆಯಲ್ಲಿ ಮೊದಲು ಅಚ್ಚಾಯಿತು. ಮರುಭೂಮಿಯಲ್ಲಿ ಮುರಿದು ಬಿದ್ದ ರಾಜಪ್ರತಿಮೆಯೊಂದನ್ನು ಕಂಡ ಪ್ರಯಾಣಿಕ, ಅದರ ಪೀಠದ ಮೇಲೆ ಕೊರೆದಿದ್ದ ಗರ್ವದ ಮಾತುಗಳನ್ನು ವರದಿ ಮಾಡುವುದು ಅದರ ವಸ್ತು. ಪರಿಚಯ ಕೋರ್ಸುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಕವಿತೆಗಳಲ್ಲಿ ಇದೂ ಒಂದು.

ಚರಿತ್ರೆಯ ಕೋರ್ಸು

ಸಾಹಿತ್ಯ ಚರಿತ್ರೆಯ ತರಗತಿಯಲ್ಲಿ ಈ ಕವಿತೆಗೆ ಸಿಗುವುದು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಪಾಠ. ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ 1798ರಲ್ಲಿ ಹೊರತಂದ ‘ಲಿರಿಕಲ್ ಬ್ಯಾಲಡ್ಸ್’ನಿಂದ ರೊಮ್ಯಾಂಟಿಕ್ ಯುಗವನ್ನು ಎಣಿಸಲಾಗುತ್ತದೆ, ಬೈರನ್, ಶೆಲ್ಲಿ, ಕೀಟ್ಸ್ ಎರಡನೆಯ ತಲೆಮಾರಾಗಿ ಬರುತ್ತಾರೆ, 1815ರ ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್ ಸೋತು ಮೂರು ವರ್ಷವೂ ತುಂಬುವ ಮೊದಲೇ ಅಚ್ಚಾದ ಈ ಕವಿತೆಯಲ್ಲಿ ಸಾಮ್ರಾಟರ ಪತನದ ಚಿತ್ರ ಯಾಕೆ ಬಂತು ಎಂಬ ವಿವರಣೆ ಸಿಗುತ್ತದೆ. ಅಷ್ಟರಲ್ಲಿ ಪಾಠ ಮುಗಿದು, ಮುಂದಿನ ವಾರಕ್ಕೆ ಟೆನಿಸನ್ ಬಂದಿರುತ್ತಾನೆ.

ಈ ವೇಗವೇ ಚರಿತ್ರೆಯ ಕೋರ್ಸಿನ ಬಲವೂ ಹೌದು, ದೌರ್ಬಲ್ಯವೂ ಹೌದು. ಬಲವೆನ್ನುವುದು ಯಾಕೆಂದರೆ ಇಂಗ್ಲಿಷ್ ಸಾಹಿತ್ಯದಲ್ಲಿ ಒಬ್ಬರು ಬರೆದದ್ದು ಹಿಂದಿನವರ ಬರಹಕ್ಕೆ ಉತ್ತರವಾಗಿ ಬರುವುದು ಬಹಳ. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ಶೀರ್ಷಿಕೆ ಪುಟದಲ್ಲಿ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದ ಸಾಲುಗಳಿವೆ. ಕಾದಂಬರಿಯೊಳಗೆ ನಾಯಕ ಸೃಷ್ಟಿಸಿದ ಜೀವಿಯೇ ಮಿಲ್ಟನ್ನನ ಕಾವ್ಯವನ್ನು ಓದಿ ತನ್ನನ್ನು ಆದಾಮನ ಜೊತೆಗೂ ಸೈತಾನನ ಜೊತೆಗೂ ಹೋಲಿಸಿಕೊಳ್ಳುತ್ತದೆ. 1667ರ ಕಾವ್ಯದ ಪರಿಚಯವೇ ಇಲ್ಲದವರಿಗೆ 1818ರ ಕಾದಂಬರಿಯ ಅರ್ಧ ನೋವು ತಲುಪುವುದಿಲ್ಲ. ಇಂಥ ಕೊಂಡಿಗಳು ಕಣ್ಣಿಗೆ ಬೀಳಬೇಕಾದರೆ ಒಮ್ಮೆಯಾದರೂ ಇಡೀ ದಾರಿಯನ್ನು ನಡೆದಿರಬೇಕು.

ದೌರ್ಬಲ್ಯ ಎರಡು ಕಡೆ ಕಾಣಿಸುತ್ತದೆ. ಮೊದಲನೆಯದು ಕಷ್ಟದ ಕ್ರಮಕ್ಕೆ ಸಂಬಂಧಿಸಿದ್ದು. ಕಾಲದಲ್ಲಿ ಮೊದಲು ಬರುವುದೇ ಭಾಷೆಯ ದೃಷ್ಟಿಯಿಂದ ಅತಿ ಕಠಿಣವಾದದ್ದು: ಒಂದೇ ಒಂದು ಹಸ್ತಪ್ರತಿಯಲ್ಲಿ ಉಳಿದುಬಂದಿರುವ, ಮೂರು ಸಾವಿರಕ್ಕೂ ಹೆಚ್ಚು ಸಾಲುಗಳ ‘ಬೇವೂಲ್ಫ್’ ಕಾವ್ಯವನ್ನು ಇಂದಿನ ಇಂಗ್ಲಿಷ್ ಬಲ್ಲವರೂ ಅನುವಾದದಲ್ಲಿಯೇ ಓದಬೇಕು, 1400ರಲ್ಲಿ ತೀರಿಕೊಂಡ ಚಾಸರ್‌ನನ್ನು ಪದಕೋಶದ ನೆರವಿನಿಂದ ಮೂಲದಲ್ಲಿ ಓದಬಹುದಾದರೂ ಮೊದಲ ಕೆಲವು ವಾರ ಬೆವರು ಹರಿಯುತ್ತದೆ. ಸಾಹಿತ್ಯವನ್ನು ಓದುವುದು ಹೇಗೆಂದು ಇನ್ನೂ ಕಲಿಯದವರ ಕೈಗೆ ಓದಲು ಎಲ್ಲಕ್ಕಿಂತ ದುಸ್ತರವಾದದ್ದನ್ನೇ ಮೊದಲು ಕೊಟ್ಟಂತಾಗುತ್ತದೆ. ಇಂಗ್ಲಿಷ್ ಮನೆಮಾತಲ್ಲದ ವಿದ್ಯಾರ್ಥಿಗಳು ಮೊದಲ ತಿಂಗಳಲ್ಲೇ ಧೈರ್ಯಗೆಡುವುದಕ್ಕೆ ಅನೇಕ ಸಲ ಇದೇ ಕಾರಣ. ಅವರ ಸಾಮರ್ಥ್ಯದಲ್ಲಿ ಕೊರತೆಯಿರುವುದಿಲ್ಲ.

ಎರಡನೆಯದು ಯುಗಗಳ ಹೆಸರುಪಟ್ಟಿ ಕೊಡುವ ಸುಳ್ಳು ಭದ್ರತೆ. ‘ರೊಮ್ಯಾಂಟಿಕ್ ಯುಗದ ಲಕ್ಷಣಗಳು’ ಎಂದು ಆರೇಳು ಅಂಶಗಳನ್ನು ಬಾಯಿಪಾಠ ಮಾಡಿಕೊಂಡವರು ಪ್ರತಿ ಕವಿತೆಯಲ್ಲೂ ಅವನ್ನೇ ಹುಡುಕತೊಡಗುತ್ತಾರೆ. ಆದರೆ ಕೃತಿಗಳು ಹೀಗೆ ಅಚ್ಚುಕಟ್ಟಾಗಿ ಕೂರುವುದಿಲ್ಲ. ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ತೀರಿಕೊಂಡದ್ದು 1889ರಲ್ಲಿ. ಅವನ ಕವಿತೆಗಳು ಪುಸ್ತಕವಾಗಿ ಹೊರಬಂದದ್ದು 1918ರಲ್ಲಿ. ಅವನನ್ನು ವಿಕ್ಟೋರಿಯನ್ ಕವಿಗಳ ಸಾಲಿನಲ್ಲಿ ಇಡಬೇಕೋ, ಅವನನ್ನು ಮೊದಲು ಓದಿದ ಆಧುನಿಕರ ಸಾಲಿನಲ್ಲೋ? ವರ್ಡ್ಸ್‌ವರ್ತ್‌ನ ‘ಪ್ರಿಲ್ಯೂಡ್’ 1805ರಲ್ಲಿ ಒಂದು ಪೂರ್ಣ ರೂಪ ಪಡೆದಿದ್ದರೂ ಅಚ್ಚಾದದ್ದು ಅವನು ತೀರಿಕೊಂಡ 1850ರಲ್ಲಿ, ಅದೂ ತಿದ್ದಿದ ರೂಪದಲ್ಲಿ. ಒಳ್ಳೆಯ ಚರಿತ್ರೆಯ ಕೋರ್ಸು ಇಂಥ ತೊಡಕುಗಳನ್ನು ವಿದ್ಯಾರ್ಥಿಗಳ ಮುಂದಿಟ್ಟು ಚರ್ಚಿಸುತ್ತದೆ. ಸಿಲಬಸ್ಸಿನಲ್ಲಿ ಯುಗಗಳ ಹೆಸರಿನ ಕೆಳಗೆ ‘ಲಕ್ಷಣಗಳು’ ಎಂಬ ಮಾತೇ ತುಂಬಿದ್ದರೆ ಎಚ್ಚರಿಕೆಯಿಂದಿರುವುದು ಒಳ್ಳೆಯದು.

ಪ್ರಕಾರದ ಕೋರ್ಸು, ನಿಕಟ ಓದಿನ ಕೋರ್ಸು

ಪ್ರಕಾರಾಧಾರಿತ ತರಗತಿಯಲ್ಲಿ ಶೆಲ್ಲಿಯ ಕವಿತೆ ಸುನೀತದ, ಅಂದರೆ ಹದಿನಾಲ್ಕು ಸಾಲುಗಳ ಸಾನೆಟ್ಟಿನ, ವಾರಕ್ಕೆ ಸೇರುತ್ತದೆ. ಇಟಲಿಯ ಕವಿ ಪೆಟ್ರಾರ್ಕನ ಮಾದರಿಯಲ್ಲಿ ಎಂಟು ಸಾಲುಗಳ ಅಷ್ಟಕ, ಆಮೇಲೆ ಆರು ಸಾಲುಗಳ ಷಟ್ಕ, ನಡುವೆ ಆಲೋಚನೆಯ ಒಂದು ತಿರುವು. ಷೇಕ್ಸ್‌ಪಿಯರನ ಮಾದರಿಯಲ್ಲಿ ಮೂರು ಚೌಪದಿ, ಕೊನೆಗೊಂದು ದ್ವಿಪದಿ. 1609ರಲ್ಲಿ ಅಚ್ಚಾದ ಅವನ 154 ಸುನೀತಗಳಲ್ಲಿ ಕೆಲವನ್ನು ಓದಿ ಶೆಲ್ಲಿಯ ಬಳಿಗೆ ಬಂದವರಿಗೆ, ಇವನು ಎರಡೂ ಮಾದರಿಗಳನ್ನು ಪಾಲಿಸಿಲ್ಲ ಎಂಬುದು ತಾನಾಗಿ ಕಾಣುತ್ತದೆ. ಮೊದಲ ಎಂಟು ಸಾಲುಗಳಲ್ಲಿ ಹುಟ್ಟಿದ ಪ್ರಾಸವೊಂದು ಕೊನೆಯ ಆರು ಸಾಲುಗಳೊಳಕ್ಕೂ ಹರಿದು ಹೋಗುತ್ತದೆ: ಏಳನೆಯ ಸಾಲು ನಿರ್ಜೀವ ವಸ್ತುಗಳ ಮಾತಿನಿಂದ ಮುಗಿಯುತ್ತದೆ, ಹತ್ತನೆಯ ಸಾಲು ರಾಜಾಧಿರಾಜರ ಮಾತಿನಿಂದ ಮುಗಿಯುತ್ತದೆ, ಮತ್ತು ಇಂಗ್ಲಿಷಿನಲ್ಲಿ ಅವೆರಡೂ ಪ್ರಾಸಬದ್ಧವಾಗಿವೆ. ರಾಜನ ಬಿರುದು ಕಲ್ಲಿನ ಚೂರುಗಳೊಡನೆ ನಾದದಲ್ಲೇ ಕೂಡಿಕೊಂಡಿದೆ. ಸುನೀತದ ನಿಯಮ ಗೊತ್ತಿಲ್ಲದಿದ್ದರೆ, ಪ್ರಾಸವು ತನ್ನ ಗಡಿ ದಾಟಿ ಬಂದಿದೆ ಎಂಬ ಸಂಗತಿಯೇ ಹೊಳೆಯುವುದಿಲ್ಲ.

ನಾಟಕದ ಭಾಗದಲ್ಲೂ ಇಂಥದೇ ಲಾಭವಿದೆ. ‘ಕಿಂಗ್ ಲಿಯರ್’ ನಾಟಕ 1608ರ ಕ್ವಾರ್ಟೊ (ಸಣ್ಣ ಅಳತೆಯ ಬಿಡಿ ಪುಸ್ತಕ) ಮತ್ತು 1623ರ ಫೋಲಿಯೊ (ದೊಡ್ಡ ಅಳತೆಯ ನಾಟಕ ಸಂಪುಟ) ಎಂಬ ಎರಡು ಭಿನ್ನ ಪಠ್ಯಗಳಲ್ಲಿ ಉಳಿದಿದೆ. ಕೊನೆಯ ಮಾತುಗಳನ್ನು ಕ್ವಾರ್ಟೊ ಆಲ್ಬನಿಯ ಬಾಯಲ್ಲಿ ಹೇಳಿಸಿದರೆ ಫೋಲಿಯೊ ಎಡ್ಗರನ ಬಾಯಲ್ಲಿ ಹೇಳಿಸುತ್ತದೆ. ರಂಗದ ಮೇಲೆ ಕೊನೆಯ ಮಾತನ್ನಾಡುವವನು ಉಳಿದ ರಾಜ್ಯದ ಹೊಣೆ ಹೊರುವವನಂತೆ ಕಾಣುವುದರಿಂದ ಇದು ಸಣ್ಣ ವ್ಯತ್ಯಾಸವಲ್ಲ. ನಾಟಕವನ್ನು ಆಡುವ ವಸ್ತುವೆಂದು ಕಲಿಸುವ ಕೋರ್ಸಿನಲ್ಲಿ ಮಾತ್ರ ಇಂಥ ಪ್ರಶ್ನೆ ಏಳುತ್ತದೆ. ಕಥನದ ಭಾಗದಲ್ಲಿ ನಿರೂಪಕ ಯಾರು, ಅವನಿಗೆ ಏನು ಗೊತ್ತು, ಕಾದಂಬರಿ ಓದುಗರ ಕೈ ಸೇರಿದ್ದು ಹೇಗೆ ಎಂಬ ಪ್ರಶ್ನೆಗಳು ಬರುತ್ತವೆ. ಡಿಕನ್ಸ್ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯನ್ನು 1860–61ರಲ್ಲಿ ವಾರವಾರವೂ ಕಂತುಗಳಲ್ಲಿ ಪ್ರಕಟಿಸಿದ ಎಂಬುದನ್ನು ತಿಳಿದವರಿಗೆ, ಪ್ರತಿ ಕಂತಿನ ಅಂಚಿನಲ್ಲಿ ಕುತೂಹಲ ಯಾಕೆ ಬಿಗಿಯುತ್ತದೆ ಎಂಬುದು ಅರ್ಥವಾಗುತ್ತದೆ.

ಪ್ರಕಾರದ ಕೋರ್ಸಿನ ಕೊರತೆಯೆಂದರೆ ಕಾಲದ ಅರಿವು ಚದುರಿಹೋಗುವುದು. ಒಂದು ವಾರ 1609, ಮರುವಾರ 1922, ಅದರಾಚೆ 1794 ಎಂದು ಓದಿದವರಿಗೆ ಯಾರ ನಂತರ ಯಾರು ಎಂಬುದು ಮಸುಕಾಗಿಯೇ ಉಳಿಯುತ್ತದೆ. ಈ ಕೊರತೆಯನ್ನು ಒಂದು ಸರಳ ಕಾಲಸೂಚಿಯಿಂದಲೇ ಬಹುಮಟ್ಟಿಗೆ ತುಂಬಿಕೊಳ್ಳಬಹುದೆಂದು ನಾನು ಭಾವಿಸುತ್ತೇನೆ. ಚರಿತ್ರೆಯ ಕೋರ್ಸಿನಲ್ಲಿ ತಪ್ಪಿಹೋಗುವ ಓದಿನ ಪಳಗುವಿಕೆಯನ್ನು ತುಂಬಿಕೊಳ್ಳಲು ಅಂಥ ಸುಲಭ ಉಪಾಯ ಯಾವುದೂ ಇಲ್ಲ.

ನಿಕಟ ಓದಿನ ಕೋರ್ಸು ಇದೇ ದಿಕ್ಕಿನಲ್ಲಿ ಇನ್ನೂ ಮುಂದೆ ಹೋಗುತ್ತದೆ. ಇದರ ಬೇರು 1920ರ ದಶಕದ ಕೇಂಬ್ರಿಜ್‌ನಲ್ಲಿದೆ. ಐ. ಎ. ರಿಚರ್ಡ್ಸ್ ಅಲ್ಲಿ ಕವಿಯ ಹೆಸರು, ಕಾಲ ಯಾವುದನ್ನೂ ತಿಳಿಸದೆ ಕವಿತೆಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಅವರಿಂದ ಬರೆಸಿಕೊಂಡ ಪ್ರತಿಕ್ರಿಯೆಗಳನ್ನು 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಮ್’ ಎಂಬ ಪುಸ್ತಕದಲ್ಲಿ ವಿಶ್ಲೇಷಿಸಿದ. ಚೆನ್ನಾಗಿ ಓದಿಕೊಂಡವರೂ ಕವಿತೆಯ ನೇರ ಅರ್ಥವನ್ನೇ ತಪ್ಪಿಸಿಕೊಳ್ಳುತ್ತಾರೆ, ಸಿದ್ಧ ಭಾವನೆಗಳನ್ನು ಅದರ ಮೇಲೆ ಹೇರುತ್ತಾರೆ ಎಂಬುದು ಅವನು ಕಂಡುಕೊಂಡ ಕಹಿ ಸತ್ಯ. ಆ ಪುಸ್ತಕ ಬಂದು ಒಂದು ಶತಮಾನವಾಗುತ್ತ ಬಂದರೂ ಆ ತಪ್ಪುಗಳು ಹಳೆಯದಾಗಿಲ್ಲ.

ಈ ತರಗತಿಯಲ್ಲಿ ‘ಓಜಿಮ್ಯಾಂಡಿಯಸ್’ಗೆ ಎರಡು ಪಾಠಗಳಾದರೂ ಸಿಗುತ್ತವೆ. ಮಾತನಾಡುತ್ತಿರುವವರು ಯಾರು ಎಂಬ ಒಂದೇ ಪ್ರಶ್ನೆಯಿಂದ ಶುರು ಮಾಡಬಹುದು. ಕವಿತೆಯ ‘ನಾನು’ ತನ್ನದೇ ಮಾತನ್ನಾಡುವುದು ಮೊದಲ ಸಾಲಿನಲ್ಲಿ ಮತ್ತು ಎರಡನೆಯ ಸಾಲಿನ ಆರಂಭದಲ್ಲಿ ಮಾತ್ರ. ಅಲ್ಲಿಂದ ಮುಂದೆ ಎಲ್ಲವೂ ಪ್ರಯಾಣಿಕನ ವರದಿ. ಆ ವರದಿಯ ಒಳಗೆ ಹತ್ತು ಮತ್ತು ಹನ್ನೊಂದನೆಯ ಸಾಲುಗಳಲ್ಲಿ ರಾಜನ ಶಾಸನದ ಮಾತು. ಹಾಗಾಗಿ ರಾಜನ ಅಬ್ಬರ ನಮ್ಮನ್ನು ತಲುಪುವುದು ಮೂರನೆಯ ಬಾಯಿಯಿಂದ. ಆ ಅಬ್ಬರ ಮುಗಿದೊಡನೆ, ಹನ್ನೆರಡನೆಯ ಸಾಲಿನ ಆರಂಭದಲ್ಲೇ, ಬೇರೇನೂ ಉಳಿದಿಲ್ಲ ಎನ್ನುವ ಮೂರೇ ಪದಗಳ ವಾಕ್ಯವೊಂದು ಬಂದು ನಿಂತುಬಿಡುತ್ತದೆ. ಉಳಿದ ಎರಡೂವರೆ ಸಾಲುಗಳಲ್ಲಿ ಉದ್ದಕ್ಕೂ ಹರಡಿಕೊಳ್ಳುವುದು ಮರಳು ಮಾತ್ರ. ಕವಿಯ ಜೀವನವನ್ನಾಗಲಿ ಯುಗದ ಲಕ್ಷಣಗಳನ್ನಾಗಲಿ ತಿಳಿಯದ ವಿದ್ಯಾರ್ಥಿಯೂ ಪುಟದ ಮೇಲಿರುವುದನ್ನು ನೋಡಿಯೇ ಇದನ್ನು ಹೇಳಬಲ್ಲ, ಬೇರೆಯವರಿಗೆ ತೋರಿಸಿಕೊಡಬಲ್ಲ. ತನ್ನ ಮಾತಿಗೆ ತಾನೇ ಆಧಾರ ಒದಗಿಸಬಲ್ಲೆನೆಂಬ ಆತ್ಮವಿಶ್ವಾಸ ಮೊದಲ ವರ್ಷದಲ್ಲಿ ಸಿಗಬಹುದಾದ ಅತಿ ದೊಡ್ಡ ಗಳಿಕೆ.

ಇದರ ಮಿತಿಯೂ ಸ್ಪಷ್ಟವೇ. ಹೆಸರು, ಕಾಲ ತೆಗೆದುಹಾಕಿದ ಕವಿತೆ ಚರಿತ್ರೆಯಿಂದಲೂ ಕಳಚಿಕೊಳ್ಳುತ್ತದೆ. ಸಣ್ಣ ಕವಿತೆಗಳಿಗೆ ಚೆನ್ನಾಗಿ ಒಗ್ಗುವ ಈ ವಿಧಾನವನ್ನು ಎಂಟುನೂರು ಪುಟಗಳ ಕಾದಂಬರಿಗೆ ಅನ್ವಯಿಸುವುದು ಹೇಗೆಂದು ಅನೇಕ ಕೋರ್ಸುಗಳು ಹೇಳಿಕೊಡುವುದೇ ಇಲ್ಲ.

ಸಿದ್ಧಾಂತದ ಕೋರ್ಸು

ಈಜಿಪ್ಟಿನ ಪ್ರತಿಮೆಯ ಬಗ್ಗೆ ಇಂಗ್ಲಿಷ್ ಕವಿಯೊಬ್ಬ ಬರೆಯುವಂತಾದದ್ದು ಹೇಗೆ? ಸಿದ್ಧಾಂತದ ತರಗತಿ ಶೆಲ್ಲಿಯ ಕವಿತೆಗೆ ಕೇಳುವ ಮೊದಲ ಪ್ರಶ್ನೆ ಇದೇ ಆಗಿರಬಹುದು. ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆ 1798ರಲ್ಲಿ ಆರಂಭವಾಯಿತು. ಫ್ರೆಂಚರ ಕೈಯಿಂದ ಬ್ರಿಟಿಷರ ವಶಕ್ಕೆ ಬಂದ ಈಜಿಪ್ಟಿನ ಶಾಸನಶಿಲೆಯಾದ ರೊಸೆಟ್ಟಾ ಶಿಲೆ 1802ರಿಂದ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. 1816ರಲ್ಲಿ ಇಟಲಿಯ ಅನ್ವೇಷಕ ಜಿಯೊವಾನಿ ಬೆಲ್‌ಜೋನಿ ಪ್ರಾಚೀನ ಈಜಿಪ್ಟಿನ ದೊರೆ ಎರಡನೆಯ ರಾಮ್ಸೆಸನ ಬೃಹತ್ ಶಿಲಾಪ್ರತಿಮೆಯ ಭಾಗವನ್ನು ಥೀಬ್ಸ್‌ನಿಂದ ಲಂಡನ್ನಿಗೆ ಸಾಗಿಸಲು ತೆಗೆದುಕೊಂಡು ಹೊರಟ. ಓಜಿಮ್ಯಾಂಡಿಯಸ್ ಎಂಬುದು ಅದೇ ರಾಮ್ಸೆಸನ ಗ್ರೀಕ್ ಹೆಸರು. ಶೆಲ್ಲಿ ಕವಿತೆ ಬರೆಯುವ ವೇಳೆಗೆ ಆ ಪ್ರತಿಮೆ ಲಂಡನ್ನನ್ನು ಇನ್ನೂ ತಲುಪಿರಲಿಲ್ಲ. ಸಾಮ್ರಾಜ್ಯಗಳ ಅಳಿವನ್ನು ಹಾಡುವ ಕವಿತೆಯೊಂದು ಬೆಳೆಯುತ್ತಿರುವ ಸಾಮ್ರಾಜ್ಯವೊಂದರ ರಾಜಧಾನಿಯಲ್ಲಿ, ಹೊರನಾಡುಗಳ ಅವಶೇಷಗಳು ಅಲ್ಲಿಗೆ ಬಂದು ಸೇರುತ್ತಿದ್ದ ಕಾಲದಲ್ಲಿಯೇ ಅಚ್ಚಾಯಿತು. ಈ ಸಂಗತಿ ಮನಸ್ಸಿಗೆ ಬಂದ ಮೇಲೆ ಕವಿತೆಯ ಪ್ರಯಾಣಿಕನನ್ನು ಮೊದಲಿನಂತೆ ಓದಲಾಗುವುದಿಲ್ಲ.

ಸಿದ್ಧಾಂತ ಚೆನ್ನಾಗಿ ಕೆಲಸ ಮಾಡುವುದು ಹೀಗೆ ಕೃತಿಯ ಪಕ್ಕದಲ್ಲಿ ಕುಳಿತಾಗ. ಶಾರ್ಲಟ್ ಬ್ರಾಂಟೆಯ ‘ಜೇನ್ ಐರ್’ (1847) ಜೊತೆಗೆ, ಅದರಲ್ಲಿ ಮಹಡಿಯ ಕೋಣೆಯಲ್ಲಿ ಕೂಡಿಹಾಕಲ್ಪಟ್ಟ, ನಾಯಕನ ಮೊದಲ ಹೆಂಡತಿಯ ಕಥೆಯನ್ನು ಅವಳ ಕಡೆಯಿಂದ ಹೇಳುವ ಜೀನ್ ರೀಸಳ ‘ವೈಡ್ ಸರ್ಗಾಸೊ ಸೀ’ (1966) ಓದಿಸುವ ಕೋರ್ಸು, ಮತ್ತು 1899ರಲ್ಲಿ ಪತ್ರಿಕೆಯಲ್ಲಿ ಪ್ರಕಟವಾದ ಕಾನ್ರಾಡನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಜೊತೆಗೆ ಅದರ ಜನಾಂಗೀಯ ದೃಷ್ಟಿಯನ್ನು ನೈಜೀರಿಯದ ಕಾದಂಬರಿಕಾರ ಚಿನುವಾ ಅಚೆಬೆ 1975ರ ಉಪನ್ಯಾಸದಲ್ಲಿ ಖಂಡಿಸಿದ್ದನ್ನು ಓದಿಸುವ ಕೋರ್ಸು ವಿದ್ಯಾರ್ಥಿಯ ಮನಸ್ಸನ್ನು ನಿಜಕ್ಕೂ ಅಲುಗಿಸುತ್ತವೆ. ಓದು ಇಂಗ್ಲೆಂಡಿನಿಂದಲೇ ಆರಂಭವಾಗಬೇಕೆ ಎಂಬ ಪ್ರಶ್ನೆಯೂ ಇಲ್ಲಿಯೇ ಏಳುತ್ತದೆ. 1968ರಲ್ಲಿ ಕೀನ್ಯಾದ ನೈರೋಬಿ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಗೂಗಿ ವಾ ಥಿಯಾಂಗೊ, ಹೆನ್ರಿ ಒವೂರ್ ಅನ್ಯುಂಬಾ, ತಬನ್ ಲೊ ಲಿಯಾಂಗ್ ಎಂಬ ಮೂವರು ವಿದ್ವಾಂಸರು ಇಂಗ್ಲಿಷ್ ವಿಭಾಗವನ್ನೇ ರದ್ದುಪಡಿಸಿ ಆಫ್ರಿಕದ ಸಾಹಿತ್ಯವನ್ನು ಕೇಂದ್ರಕ್ಕೆ ತರಬೇಕೆಂದು ವಾದಿಸಿದರು. ಇಂದು ‘ಇಂಗ್ಲೆಂಡಿನ ಸಾಹಿತ್ಯ’ ಮತ್ತು ‘ಇಂಗ್ಲಿಷಿನಲ್ಲಿ ಬರೆದ ಸಾಹಿತ್ಯ’ ಎಂಬ ಎರಡು ಹೆಸರಿನ ಕೋರ್ಸುಗಳು ಅಕ್ಕಪಕ್ಕದಲ್ಲಿ ಕಂಡರೆ, ಅವುಗಳ ನಡುವಿನ ಅಂತರದ ಹಿಂದೆ ಇಂಥ ವಾದಗಳಿವೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಆದರೆ ವಾರಕ್ಕೊಂದು ವಾದವೆಂಬ ಲೆಕ್ಕದಲ್ಲಿ, ಕೃತಿಗಳಿಗಿಂತ ಕೃತಿಗಳ ಕುರಿತ ಪ್ರಬಂಧಗಳನ್ನೇ ಹೆಚ್ಚು ಓದಿಸುವ ಸಿದ್ಧಾಂತದ ಕೋರ್ಸನ್ನು ಮೊದಲ ಸೆಮಿಸ್ಟರಿನಲ್ಲಿ ತೆಗೆದುಕೊಳ್ಳಬಾರದು. ಹತ್ತು ಕವಿತೆಗಳನ್ನೂ ಸಾವಧಾನವಾಗಿ ಓದದವರ ಕೈಯಲ್ಲಿ ಸಿದ್ಧಾಂತವು ಪ್ರತಿ ಕೃತಿಗೂ ಒಂದೇ ತೀರ್ಪು ಕೊಡುತ್ತದೆ. ಸಿಲಬಸ್ಸಿನಲ್ಲಿ ಮೂಲಕೃತಿಗಳ ಪುಟಗಳು ಹೆಚ್ಚೋ ವಿಮರ್ಶೆಯ ಪುಟಗಳು ಹೆಚ್ಚೋ ಎಂದು ಎಣಿಸಿ ನೋಡಿದರೆ ಉತ್ತರ ಸಿಕ್ಕಿಬಿಡುತ್ತದೆ.

ಪುಸ್ತಕ, ಬರವಣಿಗೆ, ಸಮಯ

ಚರಿತ್ರೆಯ ಕೋರ್ಸುಗಳು ಸಾಮಾನ್ಯವಾಗಿ ದಪ್ಪ ಸಂಕಲನವೊಂದನ್ನು ನೆಚ್ಚಿಕೊಂಡಿರುತ್ತವೆ. ಉಳಿದವು ಬಿಡಿ ಪುಸ್ತಕಗಳನ್ನು ಕೇಳುತ್ತವೆ. ಸಂಕಲನದಲ್ಲಿ ಟಿಪ್ಪಣಿ, ಪೀಠಿಕೆ, ಪದಾರ್ಥ ಎಲ್ಲ ಒಂದೆಡೆ ಸಿಗುತ್ತವೆ, ಆದರೆ ದೊಡ್ಡ ಕೃತಿಗಳ ಆಯ್ದ ಭಾಗಗಳಷ್ಟೇ ಇರುತ್ತವೆ. ಬಿಡಿ ಪುಸ್ತಕ ಕೊಳ್ಳುವಾಗ ಆವೃತ್ತಿಯನ್ನು ನೋಡಲೇಬೇಕು. ‘ಫ್ರಾಂಕೆನ್‌ಸ್ಟೈನ್’ 1818ರ ಆವೃತ್ತಿಯಲ್ಲಿ ಎಲಿಜಬೆತ್ ನಾಯಕನ ಸೋದರಸಂಬಂಧಿ; ಮೇರಿ ಶೆಲ್ಲಿ ತಿದ್ದಿದ 1831ರ ಆವೃತ್ತಿಯಲ್ಲಿ ಅವಳು ಆ ಕುಟುಂಬ ತಂದು ಸಾಕಿದ ಅನಾಥೆ. ತರಗತಿಯಲ್ಲಿ ಒಂದು ಆವೃತ್ತಿ, ನಿಮ್ಮ ಕೈಯಲ್ಲಿ ಇನ್ನೊಂದು ಇದ್ದರೆ ನಿಮ್ಮ ವಾದದ ಆಧಾರವೇ ಕುಸಿಯಬಹುದು. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಪ್ರತಿಗಳು ಎಷ್ಟೋ ಸಲ ತಾವು ಯಾವ ಆವೃತ್ತಿಯೆಂದು ಹೇಳುವುದಿಲ್ಲ. ಟಿಪ್ಪಣಿಗಳಂತೂ ಇರುವುದೇ ಅಪರೂಪ.

ಹಳೆಯ ಪ್ರಶ್ನೆಪತ್ರಿಕೆ ಅಥವಾ ಪ್ರಬಂಧದ ವಿಷಯಪಟ್ಟಿ ಸಿಕ್ಕರೆ ಅದನ್ನು ಸಿಲಬಸ್ಸಿಗಿಂತ ಮೊದಲು ಓದಿ. ಕವಿಯೊಬ್ಬನನ್ನು ಅವನ ಯುಗದ ಪ್ರತಿನಿಧಿಯೆಂದು ವಿವರಿಸಲು ಕೇಳುವ ಪ್ರಶ್ನೆಗೆ ಕವಿತೆಯನ್ನು ತೆರೆಯದೆಯೂ ಉತ್ತರ ಬರೆಯಬಹುದು. ಇಪ್ಪತ್ತು ಸಾಲುಗಳ ಭಾಗವನ್ನು ಕೊಟ್ಟು ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವ ಪ್ರಶ್ನೆಗೆ ಹಾಗೆ ಉತ್ತರಿಸಲಾಗದು. ಸೆಮಿಸ್ಟರಿನ ಕೊನೆಯ ಒಂದೇ ಪರೀಕ್ಷೆಗಿಂತ, ಒಂದೆರಡು ಪುಟಗಳ ಬರಹಗಳನ್ನು ಆಗಾಗ ಬರೆಸಿ ತಿದ್ದಿಕೊಡುವ ಕೋರ್ಸು ಹೊಸಬರಿಗೆ ಹೆಚ್ಚು ಉಪಕಾರಿ.

ಪುಟಗಳ ಲೆಕ್ಕವನ್ನೂ ಹಾಕಿಕೊಳ್ಳಿ. ಜಾರ್ಜ್ ಎಲಿಯಟ್ಟಳ ‘ಮಿಡ್ಲ್‌ಮಾರ್ಚ್’ 1871–72ರಲ್ಲಿ ಎಂಟು ಭಾಗಗಳಾಗಿ ತಿಂಗಳುಗಟ್ಟಲೆ ಬಂದ ಕಾದಂಬರಿ. ಅದಕ್ಕೆ ಒಂದೇ ವಾರ ಕೊಟ್ಟಿರುವ ಸಿಲಬಸ್ಸು ವಿದ್ಯಾರ್ಥಿಗಳು ಸಾರಾಂಶ ಓದಿಕೊಂಡು ಬರಲಿ ಎಂದು ಒಪ್ಪಿಕೊಂಡಂತೆಯೇ; ಮೂರು ವಾರ ಕೊಟ್ಟಿದ್ದರೆ ಆ ಅಧ್ಯಾಪಕರಿಗೆ ಓದು ಅಂದರೆ ಏನೆಂದು ಗೊತ್ತಿದೆ.

ಯಾರಿಗೆ ಯಾವುದು

ಪೂರ್ಣ ಪದವಿಗೆ ಇಂಗ್ಲಿಷ್ ಸಾಹಿತ್ಯವನ್ನೇ ಆರಿಸಿಕೊಂಡವರು ನಿಕಟ ಓದು ಅಥವಾ ಪ್ರಕಾರದ ಕೋರ್ಸನ್ನು ಮೊದಲು ತೆಗೆದುಕೊಂಡು, ಚರಿತ್ರೆಯನ್ನು ಎರಡನೆಯ ಸೆಮಿಸ್ಟರಿಗೆ ಇಟ್ಟುಕೊಂಡು, ಸಿದ್ಧಾಂತವನ್ನು ಎರಡನೆಯ ವರ್ಷಕ್ಕೆ ಮುಂದೂಡುವುದು ಒಳ್ಳೆಯದು. ಚರಿತ್ರೆಯ ಕೋರ್ಸೇ ಮೊದಲು ಕಡ್ಡಾಯವಾಗಿದ್ದರೆ, ಪ್ರತಿ ವಾರ ಓದಬೇಕಾದದ್ದರಲ್ಲಿ ಒಂದು ಕವಿತೆಯನ್ನೋ ಒಂದು ಪುಟವನ್ನೋ ಆರಿಸಿ ಅದನ್ನು ಮಾತ್ರ ಐದಾರು ಸಲ ಓದಿ, ಕಂಡದ್ದನ್ನು ಬರೆದಿಟ್ಟುಕೊಂಡರೆ ವೇಗದ ಹಾನಿಯನ್ನು ತಕ್ಕಮಟ್ಟಿಗೆ ತಡೆಯಬಹುದು.

ಬೇರೆ ವಿಷಯದ ಪದವಿಯಲ್ಲಿದ್ದು ಇಂಗ್ಲಿಷ್ ಸಾಹಿತ್ಯದ ಒಂದೇ ಕೋರ್ಸನ್ನು ತೆಗೆದುಕೊಳ್ಳಬಲ್ಲವರಿಗೆ ಪ್ರಕಾರದ ಕೋರ್ಸೇ ಸರಿ. ಇತಿಹಾಸ ಅಥವಾ ಸಮಾಜಶಾಸ್ತ್ರದಲ್ಲಿ ನೆಲೆಯಿದ್ದವರಿಗೆ ಕೃತಿಗಳನ್ನು ಜೋಡಿಸಿ ಓದಿಸುವ ಸಿದ್ಧಾಂತದ ಕೋರ್ಸು ಮೊದಲ ಸಲಕ್ಕೂ ಒಗ್ಗಬಹುದು, ಏಕೆಂದರೆ ಅವರಿಗೆ ವಾದವನ್ನು ಪರೀಕ್ಷಿಸುವ ಅಭ್ಯಾಸ ಆಗಲೇ ಇರುತ್ತದೆ. ಇಂಗ್ಲಿಷ್ ಓದುವುದು ಇನ್ನೂ ನಿಧಾನವಾಗಿರುವವರು ಯಾವ ಅನುಮಾನವೂ ಇಲ್ಲದೆ ನಿಕಟ ಓದನ್ನು ಆರಿಸಿಕೊಳ್ಳಲಿ: ಅಲ್ಲಿ ನಿಧಾನವೇ ವಿಧಾನವಾಗಿರುವುದರಿಂದ ಅವರು ಯಾರಿಗಿಂತಲೂ ಹಿಂದೆ ಬೀಳುವುದಿಲ್ಲ. ಶಾಲಾದಿನಗಳಿಂದಲೇ ಕಾದಂಬರಿಗಳನ್ನು ಹಸಿವಿನಿಂದ ಓದಿಕೊಂಡು ಬಂದವರು ಮಾತ್ರ ಚರಿತ್ರೆಯಿಂದ ಆರಂಭಿಸಿದರೂ ನಷ್ಟವಿಲ್ಲ. ಓದಿದ್ದೆಲ್ಲ ಅಲ್ಲಿ ತಂತಮ್ಮ ಜಾಗ ಕಂಡುಕೊಳ್ಳುತ್ತದೆ.

ಕೋರ್ಸು ಬದಲಿಸಿಕೊಳ್ಳಲು ಆರಂಭದ ಕೆಲವು ದಿನ ಅವಕಾಶ ಕೊಡುವ ವಿಶ್ವವಿದ್ಯಾಲಯಗಳು ಹಲವಿವೆ. ಆ ಅವಧಿಯಲ್ಲಿ ಎರಡು ಕೋರ್ಸುಗಳ ಮೊದಲ ಪಾಠಗಳಿಗೂ ಹೋಗಿ ಕುಳಿತು, ಅಧ್ಯಾಪಕರು ಪಠ್ಯದ ಪುಟವನ್ನು ತೆರೆಸುತ್ತಾರೆಯೇ, ವಿದ್ಯಾರ್ಥಿ ಏನಾದರೂ ಹೇಳಿದಾಗ ‘ಅದು ಯಾವ ಸಾಲಿನಲ್ಲಿದೆ?’ ಎಂದು ಕೇಳುತ್ತಾರೆಯೇ ಎಂದು ಗಮನಿಸಿ. ಹಾಗೆ ಕೇಳುವವರ ಕೋರ್ಸಿಗೆ, ಅದರ ಹೆಸರು ನಾಲ್ಕರಲ್ಲಿ ಯಾವುದೇ ಆಗಿರಲಿ, ಹೆಸರು ನೋಂದಾಯಿಸಿಕೊಳ್ಳಿ.